ಬಿ.ಪಿ.ಗೆ ಯಾವ ಗಿಡ? ಸರ್ಪಗಂಧದಿಂದ ಪುಂಡಿಯವರೆಗೆ ಒಂದು ಹೋಲಿಕೆ

ಕಳೆದ ಆಷಾಢದಲ್ಲಿ ಮಧುಗಿರಿಯ ಅಕ್ಕನ ಮನೆಗೆ ಹೋದಾಗ ಅಡುಗೆಮನೆಯ ಕಿಟಕಿಯಲ್ಲಿ ಐದು ಡಬ್ಬಿಗಳು ಸಾಲಾಗಿ ನಿಂತಿದ್ದವು. ಒಂದರಲ್ಲಿ ಹೊಳೆಮತ್ತಿಯ ತೊಗಟೆ, ಇನ್ನೊಂದರಲ್ಲಿ ನುಗ್ಗೆ ಸೊಪ್ಪಿನ ಪುಡಿ, ಮತ್ತೊಂದರಲ್ಲಿ ಜೇನುತುಪ್ಪದಲ್ಲಿ ನೆನೆಹಾಕಿದ ಬೆಳ್ಳುಳ್ಳಿ, ನಾಲ್ಕನೆಯದರಲ್ಲಿ ಕೆಮ್ಮಿಗೆಂದು ಮಾಡಿಸಿದ ಕಷಾಯದ ಪುಡಿ. ಐದನೆಯ ಡಬ್ಬಿಯಲ್ಲಿ ಬೂದು ಬಣ್ಣದ ಬೇರಿನ ಪುಡಿ ಇತ್ತು. ಅದರ ಮೇಲೆ ಹೆಸರೂ ಇರಲಿಲ್ಲ, ತಾರೀಕೂ ಇರಲಿಲ್ಲ. ಅಕ್ಕನ ಬಿ.ಪಿ. ಆ ದಿನ 156/94 ಇತ್ತು. ವೈದ್ಯರು ಬರೆದುಕೊಟ್ಟ ಮಾತ್ರೆಯ ಪಟ್ಟಿ ಫ್ರಿಜ್ಜಿನ ಮೇಲೆ ಅರ್ಧ ಖಾಲಿಯಾಗಿ ಬಿದ್ದಿತ್ತು.

"ನೀನು ಮೂವತ್ತು ವರ್ಷ ಸಸ್ಯಶಾಸ್ತ್ರ ಪಾಠ ಮಾಡಿದವಳು. ಇಷ್ಟರಲ್ಲಿ ಯಾವುದು ಒಳ್ಳೆಯದು, ಒಂದನ್ನು ಹೇಳಿಬಿಡು. ಉಳಿದದ್ದನ್ನು ಎತ್ತಿಡುತ್ತೇನೆ" ಎಂದಳು ಅಕ್ಕ.

ಒಂದೇ ಮಾತಿನಲ್ಲಿ ಹೇಳಲು ಆಗಲಿಲ್ಲ. ಆ ಸಂಜೆ ಅವಳಿಗೆ ವಿವರಿಸಿದ್ದನ್ನು, ಆಮೇಲೆ ಓದಿ ತಿದ್ದಿಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ನಮ್ಮ ತುಮಕೂರು ಸೀಮೆಯಲ್ಲಿ ಗಿಡಮೂಲಿಕೆಯ ಮೇಲೆ ಜನರಿಗೆ ಇರುವ ನಂಬಿಕೆ ಇಂದಿನದಲ್ಲ. ಕೊರಟಗೆರೆ ತಾಲ್ಲೂಕಿನ ಸಿದ್ಧರಬೆಟ್ಟದ ಗಾಳಿ ಕುಡಿದರೇ ಕಾಯಿಲೆ ವಾಸಿಯಾಗುತ್ತದೆ ಎಂದು ನಂಬಿ ಹತ್ತುವವರು ಇಂದಿಗೂ ಇದ್ದಾರೆ. ಆ ನಂಬಿಕೆಯನ್ನು ನಾನು ಹಗುರವಾಗಿ ಕಾಣುವುದಿಲ್ಲ. ಆದರೆ ಒಂದು ಗಿಡವನ್ನು ಇನ್ನೊಂದರ ಪಕ್ಕದಲ್ಲಿಟ್ಟು ನೋಡಬೇಕಾದರೆ ಮೂರು ಪ್ರಶ್ನೆ ಕೇಳಲೇಬೇಕು. ಅದು ಎಷ್ಟು ಇಳಿಸುತ್ತದೆ? ನಾವು ಎಷ್ಟು ತಿಂದೆವು ಎಂಬುದು ನಮಗೆ ಗೊತ್ತಾಗುತ್ತದೆಯೇ? ಬಿ.ಪಿ. ಬಿಟ್ಟು ಮೈಯಲ್ಲಿ ಇನ್ನೇನನ್ನು ಮುಟ್ಟುತ್ತದೆ?

ಎರಡನೆಯ ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ. ನನ್ನ ಲೆಕ್ಕದಲ್ಲಿ ಅದೇ ಮೊದಲನೆಯದು.

ಹೋಲಿಸುವ ಮುನ್ನ

ಮೇಲಿನ ಅಂಕಿ 180 ಅಥವಾ ಕೆಳಗಿನದು 120 ದಾಟಿ, ಜೊತೆಗೆ ಎದೆನೋವು, ಉಸಿರಾಟದ ಕಷ್ಟ, ಮಾತು ತೊದಲುವುದು, ಕೈಕಾಲು ಬಲ ಕಳೆದುಕೊಳ್ಳುವುದು, ಕಣ್ಣು ಮಂಜಾಗುವುದು ಇವುಗಳಲ್ಲಿ ಯಾವುದಾದರೂ ಕಂಡರೆ ಈ ಬರಹವನ್ನು ಪಕ್ಕಕ್ಕಿಟ್ಟು ಆಸ್ಪತ್ರೆಗೆ ಹೊರಡಿ. ಗರ್ಭಿಣಿಯರ ಬಿ.ಪಿ.ಗೂ ಇಲ್ಲಿನ ಯಾವ ಗಿಡವೂ ಅಲ್ಲ. ಮೂತ್ರಪಿಂಡದ ತೊಂದರೆ ಇರುವವರು ವೈದ್ಯರನ್ನು ಕೇಳದೆ ಸೊಪ್ಪಿನ ಪುಡಿಯನ್ನೂ ಮುಟ್ಟಬಾರದು. ಕಾರಣವನ್ನು ಮುಂದೆ ಹೇಳುತ್ತೇನೆ.

ಅಳೆಯುವ ಕ್ರಮವೂ ಮುಖ್ಯ. ಕಾಫಿ ಕುಡಿದು ಅರ್ಧ ಗಂಟೆಯಾದರೂ ಕಳೆದಿರಬೇಕು. ಬೆನ್ನಿಗೆ ಆಸರೆಯಿರುವ ಕುರ್ಚಿಯಲ್ಲಿ ಐದು ನಿಮಿಷ ಸುಮ್ಮನೆ ಕುಳಿತು, ಪಾದಗಳನ್ನು ನೆಲಕ್ಕೆ ಊರಿ, ತೋಳನ್ನು ಎದೆಯ ಮಟ್ಟದಲ್ಲಿ ಮೇಜಿನ ಮೇಲಿಟ್ಟು ನೋಡಬೇಕು. ಒಂದು ನಿಮಿಷ ಬಿಟ್ಟು ಮತ್ತೊಮ್ಮೆ ನೋಡಿ ಎರಡರ ಸರಾಸರಿ ಬರೆದುಕೊಳ್ಳಬೇಕು. ಆಸ್ಪತ್ರೆಯಲ್ಲಿ 140/90 ಎಂದರೆ ಅಧಿಕ ರಕ್ತದೊತ್ತಡ. ಮನೆಯಲ್ಲಿ ನೋಡುವಾಗ ಅದೇ ಗಡಿ 135/85. ಅಕ್ಕ ಮೆಟ್ಟಿಲು ಹತ್ತಿ ಬಂದು ಕೂತ ಕೂಡಲೇ ತೋಳಿಗೆ ಪಟ್ಟಿ ಸುತ್ತಿಕೊಳ್ಳುತ್ತಿದ್ದಳು. ಹಾಗೆ ನೋಡಿದ ಅಂಕಿಯಿಂದ ಯಾವ ಗಿಡದ ಗುಣವೂ ತಿಳಿಯುವುದಿಲ್ಲ, ದೋಷವೂ ತಿಳಿಯುವುದಿಲ್ಲ.

ಸರ್ಪಗಂಧ: ಎಲ್ಲಕ್ಕಿಂತ ಬಲವಾದದ್ದು

ಹೆಸರಿಲ್ಲದ ಐದನೆಯ ಡಬ್ಬಿಯಿಂದಲೇ ಆರಂಭಿಸುತ್ತೇನೆ. ಅದರಲ್ಲಿದ್ದದ್ದು ಸರ್ಪಗಂಧದ ಬೇರು ಎಂದು ಕೊಟ್ಟವರು ಬಾಯಿಮಾತಿನಲ್ಲಿ ಹೇಳಿದ್ದರಂತೆ.

ಇಲ್ಲಿ ಹೆಸರಿಸುವ ಗಿಡಗಳಲ್ಲಿ ಬಿ.ಪಿ.ಯನ್ನು ನಿಸ್ಸಂಶಯವಾಗಿ, ಬಲವಾಗಿ ಇಳಿಸುವುದು ಇದೊಂದೇ. ಆಧುನಿಕ ವೈದ್ಯಶಾಸ್ತ್ರವೇ ಇದಕ್ಕೆ ಋಣಿ. ಮುಂಬಯಿಯ ಹೃದ್ರೋಗ ತಜ್ಞ ರುಸ್ತುಂ ಜಾಲ್ ವಕೀಲ್ ಅವರು 1949ರಲ್ಲಿ ಬ್ರಿಟಿಷ್ ಹಾರ್ಟ್ ಜರ್ನಲ್‌ನಲ್ಲಿ ಸರ್ಪಗಂಧದ ಬಗ್ಗೆ ಬರೆದ ಮೇಲೆ ಜಗತ್ತಿನ ಕಣ್ಣು ಈ ಗಿಡದ ಕಡೆ ತಿರುಗಿತು. 1952ರಲ್ಲಿ ಸ್ವಿಟ್ಜರ್ಲೆಂಡಿನ ಸೀಬಾ ಕಂಪನಿಯ ವಿಜ್ಞಾನಿಗಳು ಇದರ ಬೇರಿನಿಂದ ರಿಸರ್ಪಿನ್ ಎಂಬ ಸಾರವನ್ನು ಬೇರ್ಪಡಿಸಿದರು. ಹಲವು ವರ್ಷ ಅದೇ ಬಿ.ಪಿ.ಯ ಪ್ರಮುಖ ಮಾತ್ರೆಗಳಲ್ಲಿ ಒಂದಾಗಿತ್ತು. ನಮ್ಮ ನೆಲದ ಒಂದು ಪೊದೆ ಇಷ್ಟು ದೂರ ನಡೆದು ಹೋಯಿತು ಎಂದು ತರಗತಿಯಲ್ಲಿ ಹೇಳುವಾಗ ನನ್ನ ಧ್ವನಿ ಈಗಲೂ ಏರುತ್ತದೆ.

ಆದರೆ ರಿಸರ್ಪಿನ್ ಮಾತ್ರೆಯ ಪ್ರಮಾಣ ಎಷ್ಟೆಂದು ನೋಡಿ. ದಿನಕ್ಕೆ 0.1ರಿಂದ 0.25 ಮಿಲಿಗ್ರಾಂ. ಒಂದು ಗ್ರಾಮಿನ ಸಾವಿರದ ಒಂದು ಪಾಲು ಮಿಲಿಗ್ರಾಂ; ಅದರಲ್ಲಿಯೂ ಹತ್ತನೆಯ ಒಂದು ಭಾಗದಷ್ಟೇ ಸಾಕು. ಬೇರಿನಲ್ಲಿ ಈ ಸಾರ ಎಷ್ಟಿರುತ್ತದೆ ಎಂಬುದು ಗಿಡದ ವಯಸ್ಸು, ಮಣ್ಣು, ಕಿತ್ತ ಕಾಲ, ಒಣಗಿಸಿದ ರೀತಿಯನ್ನು ಅನುಸರಿಸಿ ಏರುಪೇರಾಗುತ್ತದೆ. ಚಿಟಿಕೆ ಎಂದರೆ ಯಾರ ಬೆರಳಿನ ಚಿಟಿಕೆ? ಮೇಲಾಗಿ ಇದೇ ಕುಲದ ಇನ್ನೊಂದು ಗಿಡದ ಬೇರನ್ನು ಸರ್ಪಗಂಧವೆಂದು ಬೆರೆಸಿ ಮಾರುವುದುಂಟು. ಪುಡಿಯಾದ ಮೇಲೆ ಗುರುತು ಹಿಡಿಯಲು ನನ್ನಿಂದಲೂ ಸಾಧ್ಯವಿಲ್ಲ.

ಅದು ಮೈಯಲ್ಲಿ ಕೆಲಸ ಮಾಡುವ ಬಗೆಯೂ ಭಾರವಾದದ್ದೇ. ನರಗಳ ತುದಿಯಲ್ಲಿ ಕೂಡಿಟ್ಟಿರುವ ರಾಸಾಯನಿಕ ಸಂದೇಶವಾಹಕಗಳನ್ನು ರಿಸರ್ಪಿನ್ ಬರಿದು ಮಾಡುತ್ತದೆ. ರಕ್ತನಾಳಗಳು ಸಡಿಲಗೊಂಡು ಒತ್ತಡ ಇಳಿಯುತ್ತದೆ. ಮಿದುಳಿನಲ್ಲಿಯೂ ಅದೇ ಸಂಗ್ರಹ ಬರಿದಾಗುತ್ತದೆ. ಮೂಗು ಕಟ್ಟುವುದು, ನಾಡಿ ನಿಧಾನವಾಗುವುದು, ಭೇದಿ, ಹೊಟ್ಟೆಹುಣ್ಣು ಕೆರಳುವುದು, ಮನಸ್ಸಿಗೆ ಮಂಕು ಕವಿಯುವುದು ಇವೆಲ್ಲ ಬರಬಹುದು. ನಿಲ್ಲಿಸಿದ ಮೇಲೂ ಪರಿಣಾಮ ಹಲವು ದಿನ ಉಳಿದುಕೊಳ್ಳುತ್ತದೆ.

ನಮ್ಮ ಚಿಕ್ಕಪ್ಪನವರಲ್ಲಿ ಇದನ್ನು ಕಣ್ಣಾರೆ ಕಂಡೆ. ಜಾತ್ರೆಯಲ್ಲಿ ಯಾರಿಂದಲೋ ಕೊಂಡ ಬೇರಿನ ಪುಡಿಯನ್ನು ಅವರು ನಾಲ್ಕು ತಿಂಗಳು ತಿಂದರು. ಬಿ.ಪಿ. ಇಳಿದಿತ್ತು, ನಿಜ. ಆದರೆ ಮನುಷ್ಯ ಮಾತು ಬಿಟ್ಟಿದ್ದರು. ದಿನ ಬೆಳಗಾದರೆ ಜಗಲಿಯಲ್ಲಿ ಕುಳಿತು ಪತ್ರಿಕೆಯ ಮೇಲೆ ಚರ್ಚೆ ತೆಗೆಯುತ್ತಿದ್ದವರು ಗೋಡೆ ನೋಡುತ್ತಾ ಕೂರುತ್ತಿದ್ದರು. ವಯಸ್ಸಾಯಿತು ಎಂದುಕೊಂಡೆವು. ಒಂದು ದಿನ ತಲೆಸುತ್ತಿ ಬಿದ್ದಾಗ ನಾಡಿ ನಿಮಿಷಕ್ಕೆ 46 ಇತ್ತು. ಬೇರೇನಾದರೂ ತಿನ್ನುತ್ತಿದ್ದಾರೆಯೇ ಎಂದು ವೈದ್ಯರು ಕೇಳಿದ ಮೇಲೆಯೇ ಚಿಕ್ಕಮ್ಮ ಆ ಪೊಟ್ಟಣವನ್ನು ತಂದು ತೋರಿಸಿದ್ದು. ಅದನ್ನು ಬಿಡಿಸಿ ತಿಂಗಳು ಕಳೆದ ಮೇಲೆ ಚಿಕ್ಕಪ್ಪ ಮತ್ತೆ ನಮ್ಮೊಡನೆ ವಾದಕ್ಕೆ ನಿಂತರು. ಆ ನಾಲ್ಕು ತಿಂಗಳು ನಾವು ಅವರನ್ನು ಸರಿಯಾಗಿ ನೋಡಲಿಲ್ಲವಲ್ಲ ಎಂಬ ನೋವು ನನಗೆ ಇನ್ನೂ ಇದೆ.

ಆದ್ದರಿಂದ ಸರ್ಪಗಂಧದ ಬಗ್ಗೆ ನನ್ನ ತೀರ್ಮಾನ ಖಚಿತ. ಅರ್ಹತೆಯುಳ್ಳ ಆಯುರ್ವೇದ ವೈದ್ಯರು ನಿಮ್ಮನ್ನು ಎದುರು ಕೂರಿಸಿಕೊಂಡು, ನೀವು ತಿನ್ನುವ ಇತರ ಮಾತ್ರೆಗಳನ್ನು ಕೇಳಿ ತಿಳಿದು, ಪ್ರಮಾಣ ನಮೂದಿಸಿದ ತಯಾರಿಕೆಯನ್ನು ಬರೆದುಕೊಟ್ಟರೆ ಮಾತ್ರ ಅದು ಔಷಧ. ಬಿಡಿ ಪುಡಿಯಾಗಿ ಬೇಡ. ಹಿಂದೆ ಖಿನ್ನತೆ ಅಥವಾ ಹೊಟ್ಟೆಹುಣ್ಣು ಇದ್ದವರಿಗೆ ಬೇಡವೇ ಬೇಡ. ಬೇರಿಗಾಗಿ ಕಿತ್ತು ಕಿತ್ತು ಕಾಡಿನಲ್ಲಿ ಈ ಗಿಡ ಅಪರೂಪವಾಗಿದೆ. ಅದರ ಅಂತರರಾಷ್ಟ್ರೀಯ ವ್ಯಾಪಾರಕ್ಕೂ ಕಡಿವಾಣವಿದೆ. ಬೆಟ್ಟದಲ್ಲಿ ಕಂಡರೆ ನೋಡಿ ನಮಸ್ಕರಿಸಿ ಬನ್ನಿ.

ಹೊಳೆಮತ್ತಿ: ಹೃದಯದ ಮರ, ಬಿ.ಪಿ.ಯ ಮರವಲ್ಲ

ಶಿಂಷಾ, ಜಯಮಂಗಲಿ ಎರಡೂ ಹುಟ್ಟುವುದು ನಮ್ಮ ದೇವರಾಯನದುರ್ಗದ ಸೀಮೆಯಲ್ಲಿ. ಇಂಥ ಹೊಳೆ ಹಳ್ಳಗಳ ದಂಡೆಯ ಮರವೇ ಹೊಳೆಮತ್ತಿ. ನೀರುಮತ್ತಿ, ತೊರೆಮತ್ತಿ ಎಂದೂ ಕರೆಯುತ್ತಾರೆ. ಸಂಸ್ಕೃತದಲ್ಲಿ ಅರ್ಜುನ. ತೊಗಟೆಯನ್ನು ಹಾಲು ನೀರಿನಲ್ಲಿ ಕುದಿಸಿ ನೀರು ಇಂಗಿ ಹಾಲಷ್ಟೇ ಉಳಿಯುವಂತೆ ಮಾಡುವ ಕ್ಷೀರಪಾಕ ಇದರ ಹಳೆಯ ಕ್ರಮ. ಆಯುರ್ವೇದದಲ್ಲಿ ತೊಗಟೆಯ ಪುಡಿಯ ಪ್ರಮಾಣ ಸಾಮಾನ್ಯವಾಗಿ ದಿನಕ್ಕೆ 3ರಿಂದ 6 ಗ್ರಾಂ.

ಇಲ್ಲಿ ಒಂದು ಗೊಂದಲವನ್ನು ಬಿಡಿಸಬೇಕು. ಹೊಳೆಮತ್ತಿಯ ಹೆಸರು ಹೃದ್ರೋಗಕ್ಕೆ, ಅಂದರೆ ಎದೆನೋವು ಮತ್ತು ಹೃದಯದ ದುರ್ಬಲತೆಗೆ. ಆಧುನಿಕ ಕಾಲದ ಸಣ್ಣ ಪ್ರಯೋಗಗಳು ನಡೆದಿರುವುದೂ ಬಹುಪಾಲು ಆ ದಿಕ್ಕಿನಲ್ಲಿಯೇ. ಅವುಗಳ ಫಲಿತಾಂಶವೂ ಒಂದೇ ಬಗೆಯಾಗಿಲ್ಲ. ಬಿ.ಪಿ. ಇಳಿಸುತ್ತದೆ ಎನ್ನಲು ಆಧಾರ ತೆಳುವಾಗಿದೆ. ಹೃದಯಕ್ಕೆ ಒಳ್ಳೆಯದು ಎಂಬ ಮಾತು ಊರಿಂದೂರಿಗೆ ಹೋಗುವಷ್ಟರಲ್ಲಿ ಬಿ.ಪಿ.ಗೆ ಒಳ್ಳೆಯದು ಎಂದಾಗಿಬಿಟ್ಟಿದೆ. ಬಿ.ಪಿ. ಒಂದಕ್ಕೇ ಆಗಿದ್ದರೆ ನಾನು ಇದನ್ನು ಆರಿಸುವುದಿಲ್ಲ.

ತೊಗಟೆಯನ್ನು ಕೊಳ್ಳಲೇಬೇಕೆಂದಿದ್ದರೆ ಗ್ರಂಧಿಗೆ ಅಂಗಡಿಯಲ್ಲಿ ಪುಡಿ ಕೇಳದೆ ಚಕ್ಕೆ ಕೇಳಿ. ಹೊಳೆಮತ್ತಿಯ ಚಕ್ಕೆಯ ಹೊರಮೈ ನುಣುಪು, ಬೂದುಬಿಳುಪು, ಒಳಗೆ ನಸುಗೆಂಪು. ಮೊಸಳೆಯ ಬೆನ್ನಿನಂತೆ ಬಿರುಕುಬಿಟ್ಟ ಕಪ್ಪು ಚಕ್ಕೆ ಕೊಟ್ಟರೆ ಅದು ಕರಿಮತ್ತಿ. ಮರದಿಂದ ನೀವೇ ತೆಗೆಯುವುದಾದರೆ ಕಾಂಡವನ್ನು ಸುತ್ತ ಬಳಸಿ ಸುಲಿಯಬೇಡಿ, ಮರ ಸಾಯುತ್ತದೆ. ಕೆರೆ ಏರಿಯ ಪಕ್ಕ ಹಾಗೆ ಸುಲಿದು ಒಣಗಿದ ಮರ ಕಂಡಾಗ ನನಗೆ ತಡೆಯಲಾಗದ ಸಿಟ್ಟು ಬರುತ್ತದೆ. ಇದೇ ಸೀಮೆಯ ದೇವರಾಯನದುರ್ಗವನ್ನು ಔಷಧಿ ಸಸ್ಯಗಳ ಸಂರಕ್ಷಣೆಗೆಂದೇ ಗುರುತಿಸಿರುವಾಗ ನಾವೇ ಮರಗಳನ್ನು ಕೊಲ್ಲುವುದು ಸರಿಯೇ?

ಬೆಳ್ಳುಳ್ಳಿ: ಅಡುಗೆಮನೆಯ ಗಟ್ಟಿ ಅಭ್ಯರ್ಥಿ

ಬೆಳ್ಳುಳ್ಳಿಯ ಮೇಲೆ ನಡೆದಷ್ಟು ಪ್ರಯೋಗ ಇಲ್ಲಿನ ಬೇರೆ ಗಿಡಗಳ ಮೇಲೆ ನಡೆದಿಲ್ಲ. ಅವನ್ನೆಲ್ಲ ಒಟ್ಟುಗೂಡಿಸಿ ನೋಡಿದವರಿಗೆ ಕಂಡದ್ದು ಇದು: ಬಿ.ಪಿ. ಹೆಚ್ಚಿರುವವರಲ್ಲಿ ಮೇಲಿನ ಅಂಕಿ ಸರಾಸರಿ 8ರಷ್ಟು ಇಳಿಯುತ್ತದೆ. ಬಿ.ಪಿ. ಸರಿಯಾಗಿಯೇ ಇರುವವರಲ್ಲಿ ಹೇಳಿಕೊಳ್ಳುವಂಥ ಬದಲಾವಣೆ ಇಲ್ಲ. ಅದೇ ಒಂದು ಸಮಾಧಾನ; ಇರುವುದಕ್ಕಿಂತ ಕೆಳಗೆ ತಳ್ಳುವುದಿಲ್ಲ.

ಆದರೆ ಆ ಪ್ರಯೋಗಗಳಲ್ಲಿ ಬಹುಪಾಲು ನಡೆದದ್ದು ಅಳತೆ ಮಾಡಿದ ಪುಡಿಯ ಮಾತ್ರೆಗಳಿಂದ, ಮಾಗಿಸಿದ ಸಾರದಿಂದ. ಅದೂ ಎರಡು ಮೂರು ತಿಂಗಳು ಬಿಡದೆ. ಒಗ್ಗರಣೆಯಲ್ಲಿ ಕೆಂಪಗೆ ಹುರಿದ ಬೆಳ್ಳುಳ್ಳಿಗೆ ಆ ಫಲವನ್ನು ಆರೋಪಿಸಲಾಗದು. ಎಸಳನ್ನು ಜಜ್ಜಿದಾಗ ಒಳಗಿನ ಕಿಣ್ವ ಕೆಲಸ ಮಾಡಿ ಅಲಿಸಿನ್ ಎಂಬ ಗುಣಕಾರಿ ಸಾರ ಹುಟ್ಟುತ್ತದೆ. ಇಡಿಯಾಗಿ ಕಾಯಿಸಿದರೆ ಆ ಕಿಣ್ವವೇ ಸಾಯುತ್ತದೆ. ಆದ್ದರಿಂದ ಜಜ್ಜಿ ಹತ್ತು ನಿಮಿಷ ಬಿಟ್ಟು, ಬೆಂದ ಸಾರಿಗೆ ಕೊನೆಯಲ್ಲಿ ಹಾಕಿ, ಅಥವಾ ಚಟ್ನಿಗೆ ಹಸಿಯಾಗಿ ಸೇರಿಸಿ. ದಿನಕ್ಕೆ ಒಂದೆರಡು ಎಸಳು ಸಾಕು. ಅಕ್ಕನ ಜೇನಿನ ಡಬ್ಬಿಯಲ್ಲಿ ಎಸಳುಗಳು ಇಡಿಯಾಗಿಯೇ ಇದ್ದವು. ಅವಳಿಗೆ ಸಕ್ಕರೆ ಕಾಯಿಲೆಯೂ ಇರುವುದರಿಂದ ಆ ಜೇನು ಲಾಭಕ್ಕಿಂತ ನಷ್ಟವೇ.

ರಕ್ತ ತೆಳುಗೊಳಿಸುವ ಮಾತ್ರೆ, ದಿನನಿತ್ಯದ ಆಸ್ಪಿರಿನ್ ತೆಗೆದುಕೊಳ್ಳುವವರು ಬೆಳ್ಳುಳ್ಳಿಯನ್ನು ಔಷಧದ ಪ್ರಮಾಣದಲ್ಲಿ ತಿನ್ನುವ ಮುನ್ನ ವೈದ್ಯರಿಗೆ ಹೇಳಬೇಕು. ಹಲ್ಲು ಕೀಳಿಸುವುದಿರಲಿ, ಶಸ್ತ್ರಚಿಕಿತ್ಸೆಯಿರಲಿ, ಅದಕ್ಕೂ ಮೊದಲೇ ತಿಳಿಸಬೇಕು. ರಕ್ತ ನಿಲ್ಲುವುದು ತಡವಾಗಬಹುದು.

ಕೆಂಪು ಪುಂಡಿ: ನನ್ನ ಒಲವು ಇದರ ಕಡೆ

ಪಾವಗಡದ ಕಡೆಯಿಂದ ಹಿಡಿದು ಕೋಲಾರ, ಚಿಕ್ಕಬಳ್ಳಾಪುರದ ಗಡಿಯವರೆಗೆ ಪುಂಡಿ ಸೊಪ್ಪು ಎಂದರೆ, ಗೋಂಗೂರ ಎಂದರೆ, ಬಾಯಲ್ಲಿ ನೀರೂರದವರಿಲ್ಲ. ಔಷಧವಾಗಿ ಪರೀಕ್ಷೆಗೊಳಗಾದದ್ದು ಆ ಸೊಪ್ಪಲ್ಲ. ಪುಂಡಿಯಲ್ಲಿ ಒಂದು ತಳಿಗೆ ಹೂ ಉದುರಿದ ಮೇಲೆ ಕಾಯಿಯನ್ನು ಅಪ್ಪಿಕೊಂಡಂತೆ ದಪ್ಪನೆಯ, ರಸಭರಿತವಾದ ಕೆಂಪು ಎಸಳುಗಳು ಬೆಳೆಯುತ್ತವೆ. ಅವನ್ನು ಬಿಡಿಸಿ ಒಣಗಿಸಿ ಬಿಸಿನೀರಿನಲ್ಲಿ ನೆನೆಸಿದರೆ ಮಾಣಿಕ್ಯದ ಬಣ್ಣದ ಹುಳಿ ಪಾನೀಯವಾಗುತ್ತದೆ. ಪರೀಕ್ಷೆಯಾದದ್ದು ಅದು.

2010ರಲ್ಲಿ ಪ್ರಕಟವಾದ ಅಮೆರಿಕದ ಪ್ರಯೋಗವೊಂದರಲ್ಲಿ ಬಿ.ಪಿ. ಸ್ವಲ್ಪ ಹೆಚ್ಚಿದ್ದ 65 ಜನರಿಗೆ ಆರು ವಾರ ದಿನಕ್ಕೆ ಮೂರು ಲೋಟ ಕೊಟ್ಟು ನೋಡಿದರು. ಪ್ರತಿ ಲೋಟಕ್ಕೆ ಒಂದೂಕಾಲು ಗ್ರಾಂ ಒಣ ಎಸಳು, 240 ಮಿಲಿಲೀಟರ್ ನೀರು. ಕುಡಿದವರಲ್ಲಿ ಮೇಲಿನ ಅಂಕಿ 7ರಷ್ಟು ಇಳಿಯಿತು. ಅದೇ ಬಣ್ಣ, ಅದೇ ರುಚಿಯ ಬರಿಯ ಪಾನೀಯ ಕುಡಿದವರಲ್ಲಿ ಒಂದು ಚಿಲ್ಲರೆ.

ಏಳು ಎಂದರೆ ಸಣ್ಣದು ಎಂದು ಅಕ್ಕ ಮೂಗು ಮುರಿದಳು. ಸಣ್ಣದಲ್ಲ. ಮೇಲಿನ ಅಂಕಿಯಲ್ಲಿ 5 ಇಳಿದರೂ ಹೃದಯಾಘಾತ, ಪಾರ್ಶ್ವವಾಯುವಿನಂಥ ದೊಡ್ಡ ಆಪತ್ತುಗಳು ಸುಮಾರು ಶೇ. 10ರಷ್ಟು ತಗ್ಗುತ್ತವೆ ಎಂದು ಮಾತ್ರೆಗಳ ದೊಡ್ಡ ಅಧ್ಯಯನಗಳಿಂದ ತಿಳಿದುಬಂದಿದೆ. ಆದರೆ 156ರಲ್ಲಿ 7 ಕಳೆದರೆ 149. ಗಡಿಯ ಒಳಗೆ ಬಂದಂತಾಗಲಿಲ್ಲ. ಈ ಒಂದು ಕಳೆಯುವ ಲೆಕ್ಕವನ್ನು ನಿಮ್ಮ ಅಂಕಿಯ ಮೇಲೆ ಮಾಡಿ ನೋಡಿ. ಗಿಡ ಸಾಕೇ, ಮಾತ್ರೆಯೂ ಬೇಕೇ ಎಂಬುದಕ್ಕೆ ಅರ್ಧ ಉತ್ತರ ಅಲ್ಲಿಯೇ ಸಿಗುತ್ತದೆ.

ನನಗೆ ಪುಂಡಿ ಹಿಡಿಸಲು ಕಾರಣ ಅದರ ಅಳತೆ. ತೂಗಬಹುದು, ಲೋಟದಲ್ಲಿ ಎಣಿಸಬಹುದು, ಹಿತ್ತಲಲ್ಲಿ ಬೆಳೆಯಬಹುದು, ಹೆಚ್ಚು ಕಡಿಮೆಯಾದರೆ ನಿಲ್ಲಿಸಬಹುದು. ತೊಂದರೆಯೇ ಇಲ್ಲವೆಂದಲ್ಲ. ಗರ್ಭಿಣಿಯರು ಕುಡಿಯಬಾರದು. ಬಿ.ಪಿ. ಮಾತ್ರೆ ತೆಗೆದುಕೊಳ್ಳುವವರಲ್ಲಿ ಎರಡೂ ಸೇರಿ ಒತ್ತಡ ಅತಿಯಾಗಿ ಇಳಿದು ತಲೆಸುತ್ತಬಹುದು. ಸಕ್ಕರೆ ಬೆರೆಸಿ ಶರಬತ್ತು ಮಾಡಿದರೆ ಉದ್ದೇಶವೇ ಹಾಳು. ಇನ್ನು ಪುಂಡಿ ಸೊಪ್ಪಿನ ಉಪ್ಪಿನಕಾಯಿ ತಿಂದು ಬಿ.ಪಿ. ಇಳಿಯಲಿ ಎಂದು ಕಾಯುವವರಿಗೆ ಹೇಳುವುದೇನೆಂದರೆ, ಅದರಲ್ಲಿರುವ ಉಪ್ಪು ಎಲ್ಲವನ್ನೂ ನುಂಗಿಹಾಕುತ್ತದೆ. ಮನೆಯ ಮುಂದಿನ ದಾಸವಾಳ ಇದೇ ಕುಲದ್ದಾದರೂ ಬೇರೆ ಜಾತಿ. ಈ ಅಂಕಿಗಳು ಅದಕ್ಕೆ ಸಲ್ಲುವುದಿಲ್ಲ.

ಉಳಿದವು

ನುಗ್ಗೆ ಸೊಪ್ಪು ಒಳ್ಳೆಯ ಆಹಾರ. ಬಸ್ಸಾರು ಮಾಡಿ, ಪಲ್ಯ ಮಾಡಿ, ಮುದ್ದೆಯ ಜೊತೆ ಉಣ್ಣಿ. ಬಿ.ಪಿ. ಔಷಧವೆಂದು ಪುಡಿಯನ್ನು ದುಬಾರಿ ಬೆಲೆಗೆ ಕೊಳ್ಳಲು ಸಾಕಾಗುವಷ್ಟು ಆಧಾರವಿಲ್ಲ. ಸೊಪ್ಪುಗಳಲ್ಲಿರುವ ಪೊಟ್ಯಾಸಿಯಂ ಸಾಮಾನ್ಯರಿಗೆ ಹಿತವಾದದ್ದೇ. ಮೂತ್ರಪಿಂಡ ಸೋತವರಲ್ಲಿ ಅದು ರಕ್ತದಲ್ಲಿ ಉಳಿದು ಹೃದಯದ ಬಡಿತವನ್ನೇ ಕೆಡಿಸಬಹುದು. ಟೆಲ್ಮಿಸಾರ್ಟನ್‌ನಂಥ ಬಿ.ಪಿ. ಮಾತ್ರೆಗಳೂ ಪೊಟ್ಯಾಸಿಯಂ ಏರಿಸುತ್ತವೆ. ಅವನ್ನು ತೆಗೆದುಕೊಳ್ಳುವವರು ಸೊಪ್ಪನ್ನು ಊಟದ ಪ್ರಮಾಣದಲ್ಲಿ ತಿನ್ನಲಿ, ಪುಡಿಯನ್ನು ಚಮಚಗಟ್ಟಲೆ ಬೇಡ.

ಅಗಸೆ ಬೀಜದ ಬಗ್ಗೆ ಒಂದು ಗಮನಾರ್ಹ ಪ್ರಯೋಗವಿದೆ. ಕೆನಡಾದಲ್ಲಿ ಕಾಲಿನ ರಕ್ತನಾಳಗಳ ಕಾಯಿಲೆಯಿದ್ದ 110 ಜನರ ಮೇಲೆ ನಡೆಸಿ 2013ರಲ್ಲಿ ಪ್ರಕಟಿಸಿದ್ದು. ದಿನಕ್ಕೆ 30 ಗ್ರಾಂ ಬೀಜದ ಪುಡಿಯನ್ನು ಆರು ತಿಂಗಳು ತಿಂದವರಲ್ಲಿ ಮೇಲಿನ ಅಂಕಿ, ತಿನ್ನದವರಿಗಿಂತ ಸುಮಾರು 10 ಕಡಿಮೆಯಿತ್ತು. ಎಲ್ಲರಿಗೂ ಅಷ್ಟೇ ಇಳಿಯುತ್ತದೆ ಎಂದುಕೊಳ್ಳಬೇಡಿ. ನಮ್ಮ ಕಡೆ ಚಟ್ನಿಪುಡಿಗೆ ಬಳಸುವ ಹುಚ್ಚೆಳ್ಳು ಬೇರೆ, ಅಗಸೆ ಬೇರೆ. ಇಡೀ ಬೀಜ ಹಾಗೆಯೇ ಹೊರಹೋಗುತ್ತದೆ. ಪುಡಿ ಮಾಡಿಯೇ ತಿನ್ನಬೇಕು, ನೀರು ಚೆನ್ನಾಗಿ ಕುಡಿಯಬೇಕು.

ಒಂದೆಲಗ, ನೆಲ್ಲಿಕಾಯಿ, ತುಳಸಿ ಇವನ್ನು ಬಿ.ಪಿ.ಗೆಂದು ಆರಿಸಿಕೊಳ್ಳುವಷ್ಟು ಬಲವಾದ ಆಧಾರವಿಲ್ಲ. ತಿನ್ನುವ ಅಭ್ಯಾಸವಿದ್ದರೆ ಬಿಡಬೇಕಾಗಿಯೂ ಇಲ್ಲ.

ಬಿಡಲೇಬೇಕಾದದ್ದು ಅಕ್ಕನ ನಾಲ್ಕನೆಯ ಡಬ್ಬಿ. ಕೆಮ್ಮಿನ ಕಷಾಯದ ಪುಡಿಯಲ್ಲಿ ಅತಿಮಧುರ ಧಾರಾಳವಾಗಿತ್ತು. ಜ್ಯೇಷ್ಠಮಧು ಎನ್ನುವುದೂ ಅದನ್ನೇ. ಅದು ಬಿ.ಪಿ.ಯನ್ನು ಇಳಿಸುವುದಿಲ್ಲ, ಏರಿಸುತ್ತದೆ. ಅದರಲ್ಲಿರುವ ಗ್ಲಿಸಿರೈಜಿನ್‌ನಿಂದಾಗಿ ದೇಹ ಉಪ್ಪನ್ನೂ ನೀರನ್ನೂ ಹಿಡಿದಿಟ್ಟುಕೊಂಡು ಪೊಟ್ಯಾಸಿಯಂ ಕಳೆದುಕೊಳ್ಳುತ್ತದೆ. ಒಂದೆರಡು ದಿನ ಗಂಟಲಿಗೆಂದು ಚೂರು ಚಪ್ಪರಿಸಿದರೆ ಬೇರೆ ಮಾತು. ಅಕ್ಕ ಎರಡು ತಿಂಗಳಿಂದ ದಿನಾ ಎರಡು ಹೊತ್ತು ಕುಡಿಯುತ್ತಿದ್ದಳು. ಒಂದು ಕೈಯಲ್ಲಿ ಇಳಿಸಲು, ಇನ್ನೊಂದು ಕೈಯಲ್ಲಿ ಏರಿಸಲು ಕುಡಿಯುತ್ತಿದ್ದೇನೆ ಎಂಬುದು ಅವಳಿಗೆ ತಿಳಿದಿರಲಿಲ್ಲ.

ಮಾತ್ರೆ ಮತ್ತು ಉಪ್ಪು

ಗಿಡಗಳನ್ನು ಪರಸ್ಪರ ಹೋಲಿಸಿ ಈ ಎರಡನ್ನು ಬಿಟ್ಟರೆ ಹೋಲಿಕೆ ಪೂರ್ತಿಯಾಗುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿ ದಿನಕ್ಕೆ 5 ಗ್ರಾಂ ಉಪ್ಪು, ಅಂದರೆ ಒಂದು ಟೀ ಚಮಚ. ಸಾರು, ಹಪ್ಪಳ, ಸಂಡಿಗೆ, ಉಪ್ಪಿನಕಾಯಿ ಎಲ್ಲವೂ ಸೇರಿ. ಬಿ.ಪಿ. ಇರುವವರು ಉಪ್ಪನ್ನು ದಿನಕ್ಕೆ ನಾಲ್ಕು ಗ್ರಾಮಿನಷ್ಟು ತಗ್ಗಿಸಿದರೆ ಮೇಲಿನ ಅಂಕಿ ಸುಮಾರು 5 ಇಳಿಯುತ್ತದೆ. ದುಡ್ಡು ಖರ್ಚಿಲ್ಲದೆ ಸಿಗುವ ಈ ಐದನ್ನು ಬಿಟ್ಟು ದುಬಾರಿ ಬೇರು ಹುಡುಕಿಕೊಂಡು ಹೋಗುವುದು ನನಗೆ ಸರಿಕಾಣುವುದಿಲ್ಲ.

ಮಾತ್ರೆಯ ಮಾತು. ಆಮ್ಲೋಡಿಪಿನ್‌ನಂಥ ಮಾತ್ರೆಗಳು ಸರ್ಕಾರಿ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಉಚಿತವಾಗಿ ಸಿಗುತ್ತವೆ. ಕೋಲಾರ ಜಿಲ್ಲೆಯಲ್ಲಿ 2024ರಲ್ಲಿ ಆರಂಭವಾದ ಗೃಹ ಆರೋಗ್ಯ ಯೋಜನೆಯಲ್ಲಿ ಆರೋಗ್ಯ ಕಾರ್ಯಕರ್ತರು ಮನೆ ಬಾಗಿಲಿಗೇ ಬಂದು ಬಿ.ಪಿ. ನೋಡುತ್ತಾರೆ. ಅವರು ಬಂದಾಗ ಡಬ್ಬಿಗಳನ್ನು ಬಚ್ಚಿಡಬೇಡಿ. ಕಷಾಯ, ಪುಡಿ, ಬೇರು ಏನೇ ತಿನ್ನುತ್ತಿದ್ದರೂ ಎದುರಿಗೆ ತಂದಿಡಿ. ಬೈಯುತ್ತಾರೆಂಬ ಅಂಜಿಕೆಯಿಂದ ಚಿಕ್ಕಮ್ಮ ಪೊಟ್ಟಣವನ್ನು ಮುಚ್ಚಿಟ್ಟಿದ್ದರು. ಅದರ ಬೆಲೆ ಏನೆಂದು ಮೇಲೆ ಬರೆದಿದ್ದೇನೆ. ಮಾತ್ರೆ ತೆಗೆದುಕೊಂಡು ಅಂಕಿ ಸರಿಹೋಯಿತೆಂದರೆ ಮಾತ್ರೆ ಕೆಲಸ ಮಾಡುತ್ತಿದೆ ಎಂದರ್ಥ, ಬಿಡಬಹುದೆಂದಲ್ಲ. ಕಡಿಮೆ ಮಾಡುವ ತೀರ್ಮಾನ ವೈದ್ಯರದೇ ಆಗಬೇಕು.

ಯಾರಿಗೆ ಯಾವುದು ಎಂದು ನೇರವಾಗಿ ಕೇಳಿದರೆ ನನ್ನ ಉತ್ತರ ಹೀಗೆ. ಅಂಕಿ 130ರ ಆಸುಪಾಸಿನಲ್ಲಿದ್ದು ಬೇರೆ ಕಾಯಿಲೆ ಇಲ್ಲದವರು ಉಪ್ಪು ತಗ್ಗಿಸಿ, ದಿನಾ ನಡೆದು, ಪುಂಡಿ ಅಥವಾ ಬೆಳ್ಳುಳ್ಳಿ ಇವೆರಡರಲ್ಲಿ ಒಂದನ್ನು ಎರಡು ತಿಂಗಳು ನಿಯಮದಿಂದ ಮಾಡಿ ನೋಡಲಿ. ಎರಡನ್ನೂ ಒಟ್ಟಿಗೆ ಶುರು ಮಾಡಿದರೆ ಯಾವುದರಿಂದ ಏನಾಯಿತೆಂದು ತಿಳಿಯದು. 140 ದಾಟಿ ಮಾತ್ರೆ ಬರೆಸಿಕೊಂಡವರು ಮಾತ್ರೆಯ ಜೊತೆಗೆ, ವೈದ್ಯರಿಗೆ ತಿಳಿಸಿ, ಬೆಳ್ಳುಳ್ಳಿಯನ್ನೋ ಪುಂಡಿಯನ್ನೋ ಇಟ್ಟುಕೊಳ್ಳಲಿ.

ಅಕ್ಕ ಆ ಸಂಜೆಯೇ ಬೇರಿನ ಪುಡಿಯನ್ನೂ ಕಷಾಯದ ಪುಡಿಯನ್ನೂ ತಿಪ್ಪೆಗೆ ಸುರಿದಳು. ಮಾತ್ರೆಯನ್ನು ಮತ್ತೆ ಶುರು ಮಾಡಿ ವೈದ್ಯರ ಬಳಿಯೂ ಹೋಗಿ ಬಂದಳು. ಪುಂಡಿ ಕುಡಿಯಬಹುದು, ತಲೆಸುತ್ತಿದರೆ ತಿಳಿಸಿ ಎಂದರಂತೆ ಅವರು. ಕ್ಯಾಲೆಂಡರಿನ ಹಿಂಬದಿಯಲ್ಲಿ ಗೆರೆ ಎಳೆದು ವಾರಕ್ಕೆ ಮೂರು ದಿನ ಅಂಕಿ ಬರೆದಿಡುತ್ತಾಳೆ. ಕೊನೆಯ ಸಲ ನಾನು ನೋಡಿದಾಗ 132/82 ಎಂದಿತ್ತು. ಹಿತ್ತಲಿನ ಪಾತಿಯಲ್ಲಿ ಆರು ಕೆಂಪು ಪುಂಡಿ ಗಿಡ ಕಾಯಿ ಕಟ್ಟಿವೆ. ಎಸಳು ಬಿಡಿಸಿ ಒಣಗಿಸಲು ಮೊರವನ್ನು ತೊಳೆದಿಟ್ಟಿದ್ದಾಳೆ.